ಹಲಗೆಯ ಮೇಲಿನ ಕೆಂಪು ಗೆರೆ

ಅಳತೆ ಕೋಣೆ, ಸೇತುವೆಯ ಬುಡ
ಮಂಗಳವಾರ, ನವೆಂಬರ್ ೧೨, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

‘ನಾವೆಲ್ಲ ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ’ ಎಂದು ಬರೆದು ಎರಡು ಹಾಳೆ ಹರಿದು ಹಾಕಿದೆ. ಭಾವ ಹೋಗಿ ಐದು ವಾರವಾಯಿತು. ನಿನ್ನ ಕ್ಷೇಮ ವಿಚಾರಿಸುವ ಮುಖ ನನಗೆಲ್ಲಿದೆ? ಆದರೂ ಕಾಗದವೆಂದ ಮೇಲೆ ಎಲ್ಲಿಂದಲಾದರೂ ಶುರುವಾಗಬೇಕಲ್ಲ.

ಗೆಳತಿಯ ಮನೆಯಲ್ಲಿ ಇನ್ನೆಷ್ಟು ದಿನ ಇರುತ್ತೀಯ ಎಂದು ನಿನ್ನ ಅತ್ತಿಗೆ ದಿನಾ ಕೇಳುತ್ತಾಳೆ. ನಮ್ಮ ಮಹಡಿ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರವನ್ನು ಬದಿಗೆ ಸರಿಸಿದರೆ ನಿನಗೊಂದು ಮಂಚ ಹಿಡಿಯುತ್ತದೆ. ಯಂತ್ರ ಉಳಿಯಿತಾ ಎಂದು ನೀನು ಅವಳನ್ನು ಕೇಳಿದ್ದೆಯಂತೆ. ಉಳಿಯಿತು. ನಮ್ಮ ಮನೆಯೊಳಗೂ ಸೊಂಟದ ತನಕ ನೀರು ನಿಂತಿತ್ತು. ಏನೋ ಅದೃಷ್ಟ, ಅದೊಂದು ಉಳಿಯಿತು. ಚಳಿಗೆ ಇರಲಿ ಎಂದು ನಿನಗೆ ಎರಡು ದಪ್ಪ ಅಂಗಿ ಹೊಲಿದಿಟ್ಟಿದ್ದಾಳೆ.

ಇನ್ನು ನಿನ್ನ ಕಾಗದದ ವಿಷಯ. ಹಾಳೆ ತುಂಬ ಬರೆಯುತ್ತಿದ್ದ ಹುಡುಗಿ ನೀನು. ಈ ಸಲ ಒಂದೇ ಸಾಲು. ‘ಗುರುವಾರದ ವಿಚಾರಣೆಗೆ ಮೊದಲು ಹೇಳು ಅಣ್ಣ, ಆವತ್ತು ನಿನಗೆ ಗೊತ್ತಿತ್ತಾ?’ ಅದನ್ನು ಓದಿ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಆಚೀಚೆ ನೋಡಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಈ ಕೋಣೆಯಲ್ಲಿ ಯಾವತ್ತೂ ಯಾರೂ ಇರುವುದಿಲ್ಲ.

ಗುರುವಾರ ನಾನು ಓದಬೇಕಾದ ಹೇಳಿಕೆ ಆಗಲೇ ಟೈಪಾಗಿ ಬಂದಿದೆ. ‘ಅಳತೆಗಾರನು ಬೆಳಗಿನಿಂದ ಕರ್ತವ್ಯದಲ್ಲಿದ್ದನು. ನದಿಯ ನೀರು ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಕೆಂಪು ಗೆರೆಯನ್ನು ಮುಟ್ಟಿತು. ಮರುನಿಮಿಷವೇ ಸೈರನ್ ಕೂಗಿಸಲಾಯಿತು.’ ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಬರೆಯುವುದರಲ್ಲಿ ನಮ್ಮ ಕಚೇರಿಯನ್ನು ಮೀರಿಸಿದವರಿಲ್ಲ. ಆ ಗೆರೆ ಎಲ್ಲಿತ್ತು ಎಂಬುದೊಂದನ್ನು ಬಿಟ್ಟು ಎಲ್ಲವೂ ಅದರಲ್ಲಿದೆ.

ಗೆರೆ ಮೊದಲು ಎಲ್ಲಿತ್ತೆಂದು ನಿನಗೆ ನೆನಪಿರಬೇಕು. ಅಪ್ಪ ಇದೇ ಕೆಲಸದಲ್ಲಿದ್ದಾಗ ಒಂದು ಭಾನುವಾರ ನಮ್ಮಿಬ್ಬರನ್ನೂ ಸೇತುವೆಯ ಕೆಳಗೆ ಕರೆದುಕೊಂಡು ಹೋಗಿದ್ದರು. ಕಂಬಕ್ಕೆ ಬಡಿದ ಹಲಗೆಯಲ್ಲಿ ಒಂಬತ್ತು ಮೀಟರಿಗೆ ಕೆಂಪು ಗೆರೆ. ಒಂಬತ್ತೇ ಯಾಕೆ ಎಂದು ನೀನು ಕೇಳಿದ್ದಕ್ಕೆ ಎದುರು ದಡದ ಕಲ್ಲಿನ ಬಾಯಿಯೊಂದನ್ನು ತೋರಿಸಿದರು. ಕೆಳಬೀದಿಯ ಮೋರಿಗಳೆಲ್ಲ ನದಿಗೆ ಬಂದು ಬೀಳುವುದು ಅಲ್ಲಿ. “ನೀರು ಇಷ್ಟು ಎತ್ತರ ಬಂದ್ರೆ ಮೋರಿ ಹಿಂದಕ್ಕೆ ಕುಡಿಯೋಕೆ ಶುರು ಮಾಡುತ್ತೆ. ದಡ ದಾಟೋದಲ್ಲ ಮಕ್ಕಳೇ, ಮನೆ ಒಳಗಿಂದ್ಲೇ ಏಳುತ್ತೆ,” ಎಂದರು. ನೀನು ಒಂದು ವಾರ ಬಚ್ಚಲಿಗೆ ಒಬ್ಬಳೇ ಹೋಗಲಿಲ್ಲ. ನಾನು ಅದನ್ನೇ ಹಿಡಿದುಕೊಂಡು ನಿನ್ನನ್ನು ಎಷ್ಟು ಕಾಡಿದೆ!

ಅಪ್ಪನ ಕಾಲದಲ್ಲಿ ಆ ಗೆರೆಯನ್ನು ನೀರು ಮುಟ್ಟಿದ್ದು ಎರಡೇ ಸಲ. ನನ್ನ ಕಾಲಕ್ಕೆ ನದಿಯ ಬುದ್ಧಿಯೇ ಬೇರೆಯಾಯಿತು. ಮೊದಲು ವರ್ಷಕ್ಕೊಂದು ಸಲ, ಆಮೇಲೆ ಮೂರು ಸಲ. ಸೈರನ್ ಕೂಗಿದಾಗೆಲ್ಲ ಶಾಲೆಗೆ ರಜೆ, ಕಾರ್ಖಾನೆಗೆ ಬೀಗ, ಕೆಳಬೀದಿಯವರು ಗಂಟುಮೂಟೆ ಹೊತ್ತು ಗುಡ್ಡದ ಶಾಲೆಗೆ. ಅರ್ಧದಷ್ಟು ಸಲ ನೀರು ಮೋರಿಯ ಬಾಯಿಯವರೆಗೆ ಬಂದು, ನೋಡಿ, ಹಿಂದಿರುಗಿ ಹೋಗುತ್ತಿತ್ತು. ಜನ ರೇಗಿದರು. ತೋಳ ಬಂತು ತೋಳ ಎಂದು ನನಗೆ ಅಡ್ಡಹೆಸರೇ ಬಿತ್ತು. ಅಂಗಡಿಯವರೆಲ್ಲ ಸೇರಿ ಕಚೇರಿಗೆ ಮನವಿ ಕೊಟ್ಟರು. ಅದರಲ್ಲಿ ಏಳನೆಯ ಸಹಿ ಭಾವನದು.

ಇದನ್ನು ಬರೆಯಬಾರದಿತ್ತು. ಹೊಡೆದು ಹಾಕಿದರೂ ನೀನು ಬೆಳಕಿಗೆ ಹಿಡಿದು ಓದುತ್ತೀಯ, ಅದಕ್ಕೆ ಬಿಟ್ಟಿದ್ದೇನೆ. ಅವರ ಮೇಲೆ ತಪ್ಪು ಹೊರಿಸುವುದಕ್ಕೆ ಬರೆದದ್ದಲ್ಲ. ಅರ್ಧ ಅಂಟು ಹಚ್ಚಿದ ಪುಸ್ತಕ ಬಿಟ್ಟು ವರ್ಷಕ್ಕೆ ಮೂರು ಸಲ ಓಡಿದರೆ ರಟ್ಟು ಕಟ್ಟುವವನ ಹೊಟ್ಟೆ ತುಂಬುವುದು ಹೇಗೆ? ಅವರಿಗೆ ಬೇಕಾಗಿದ್ದದ್ದು ನೆಮ್ಮದಿಯಾಗಿ ಕೆಲಸ ಮಾಡಲು ನಾಲ್ಕು ದಿನ. ಕಚೇರಿ ಕೊಟ್ಟದ್ದು ಬೇರೆ.

ಕೆಳಬೀದಿಯನ್ನು ಎತ್ತರಕ್ಕೆ ಸಾಗಿಸಬಹುದಿತ್ತು, ಮೋರಿಯ ಬಾಯಿಗೆ ಕದ ಇಡಬಹುದಿತ್ತು. ಎರಡಕ್ಕೂ ಬಹಳ ವರ್ಷ ಬೇಕು, ಬಹಳ ಜನರ ಒಪ್ಪಿಗೆ ಬೇಕು. ಗೆರೆ ಎತ್ತರಿಸಲು ಒಂದು ಡಬ್ಬಿ ಬಣ್ಣ ಸಾಕು. ದೊಡ್ಡ ಸಾಹೇಬರು ನನ್ನನ್ನು ಕೂರಿಸಿಕೊಂಡು, ಕಾಫಿ ತರಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದರು. “ಅಪಾಯ ಅಂದ್ರೆ ಅಪರೂಪಕ್ಕೆ ಬರೋದು ಕಣಯ್ಯಾ. ವರ್ಷಕ್ಕೆ ಮೂರು ಸಲ ಬಂದ್ರೆ ಅದು ಅಪಾಯ ಹೇಗಾಗುತ್ತೆ? ಅದು ಮಾಮೂಲು. ಕಾಲ ಬದಲಾಗಿದೆ, ನಾವೂ ಬದಲಾಗ್ಬೇಕು.” ಹತ್ತು ವರ್ಷದ ಸರಾಸರಿ ತೆಗೆದು, ಮೂರು ಪುಟದ ಆದೇಶ ಹೊರಡಿಸಿದರು. ಎತ್ತು ಈಯಿತು ಎಂದರು, ನಾನು ಕೊಟ್ಟಿಗೆಗೆ ಕಟ್ಟಿದೆ. ಆರು ವರ್ಷದ ಹಿಂದೆ ಒಂಬತ್ತನ್ನು ಒಂಬತ್ತೂವರೆಗೆ ಏರಿಸಿದೆ. ಮೂರು ವರ್ಷದ ಹಿಂದೆ ಹತ್ತಕ್ಕೆ. ಎರಡು ಸಲವೂ ಏಣಿ ಹಾಕಿ, ಹಳೆಯ ಗೆರೆಯನ್ನು ಬಿಳಿ ಬಣ್ಣದಿಂದ ಮುಚ್ಚಿ, ಮೇಲೆ ಹೊಸದನ್ನು ಬಳಿದವನು ನಾನೇ. ಗೆರೆ ನೇರವಾಗಿ ಬಂದಿದೆ ಎಂದು ಸಾಹೇಬರು ಬೆನ್ನು ತಟ್ಟಿದರು. ಹಿಗ್ಗಿದೆ ಕೂಡ.

ಮೋರಿಯ ಬಾಯಿಯ ವಿಷಯ ಸಾಹೇಬರಿಗೆ ಹೇಳಿದೆಯಾ ಎಂದು ನೀನು ಕೇಳುತ್ತೀಯ. ಮೊದಲ ಸಲ ಹೇಳಿದೆ. ಅದು ಕಡತದಲ್ಲಿ ಇದೆಯಾ ಎಂದರು. ಅದು ಅಪ್ಪನ ಬಾಯಲ್ಲಿ ಇದ್ದದ್ದು, ಕಡತದಲ್ಲಿ ಎಲ್ಲಿಂದ ಬರಬೇಕು? ಹಾಗಾದರೆ ನೀನೇ ಒಂದು ಟಿಪ್ಪಣಿ ಬರೆದು ಕೊಡು ಎಂದರು. ಬರೆಯಬಹುದಿತ್ತು ಗುಬ್ಬಿ. ಅರ್ಧ ಪುಟದ ಕೆಲಸ. ಇವತ್ತು ಬೇಡ ನಾಳೆ ಎಂದುಕೊಂಡೆ. ಆಮೇಲೆ ಕೇಳಿದವರೂ ಇಲ್ಲ, ಬರೆದವನೂ ಇಲ್ಲ.

ಆವತ್ತಿನ ದಿನಕ್ಕೆ ಬರುತ್ತೇನೆ. ಎಷ್ಟು ಸುತ್ತಿದರೂ ಅಲ್ಲಿಗೇ ಬರಬೇಕು.

ಬೆಳಿಗ್ಗೆ ಹನ್ನೊಂದಕ್ಕೆ ನಿನ್ನ ಫೋನು ಬಂತು. ಬಚ್ಚಲ ಮೋರಿ ಗುಳುಗುಳು ಅನ್ನುತ್ತಿದೆ, ಹೊರಡಬೇಕಾ ಎಂದು ಕೇಳಿದೆ. ಅಪ್ಪ ಹೇಳಿದ್ದು ನಿನಗೂ ನೆನಪಿತ್ತು, ಅದಕ್ಕೇ ಕೇಳಿದೆ. ನಾನು ಕಿಟಕಿಯಿಂದ ಹಲಗೆ ನೋಡಿದೆ. ನೀರು ಒಂಬತ್ತೂಕಾಲಿನಲ್ಲಿತ್ತು. ಕೆಂಪು ಗೆರೆ ಇನ್ನೂ ಮುಕ್ಕಾಲು ಮೀಟರು ಮೇಲೆ. “ಕೆಂಪು ಬಂದಿಲ್ಲ ಕಣೇ. ಬಂದ್ರೆ ಕೂಗಿಸ್ತೀನಲ್ಲ, ಹೆದರ್ಬೇಡ,” ಎಂದೆ. ನಿನಗೆ ಧೈರ್ಯ ಬಂತು. ಮಂಡಿನೋವಿನ ಭಾವನನ್ನು, ರಸ್ತೆಗಿಂತ ನಾಲ್ಕು ಮೆಟ್ಟಿಲು ಕೆಳಗಿರುವ ಅವರ ಅಂಗಡಿಯಲ್ಲಿ ಅಂಟಿನ ಬಟ್ಟಲ ಮುಂದೆ ಬಿಟ್ಟು, ನೀನು ಆಸ್ಪತ್ರೆಯ ಬಟ್ಟೆ ಒಗೆಯುವ ಪಾಳಿಗೆ ಹೋದೆ. ಬಿಟ್ಟು ಹೋದೆನಲ್ಲಾ ಎಂದು ನಿನ್ನನ್ನು ನೀನೇ ಹಳಿದುಕೊಳ್ಳುತ್ತಿದ್ದೀಯೆಂದು ಅತ್ತಿಗೆ ಹೇಳಿದಳು. ಬಿಟ್ಟು ಹೋದದ್ದು ನೀನಲ್ಲ. ನಾನು ಹೇಳಿದ್ದಕ್ಕೆ ನೀನು ಹೋದೆ. ಈ ಕಾಗದದಲ್ಲಿ ಬೇರೇನನ್ನು ನಂಬದಿದ್ದರೂ ಇದನ್ನು ನಂಬು.

ಒಂದು ಗಂಟೆಗೆ ಕೆಳಬೀದಿಯ ಮೋರಿಗಳೆಲ್ಲ ಕಕ್ಕಿದವು. ಆ ನಾಲ್ಕು ಮೆಟ್ಟಿಲ ಗುಂಡಿ ಮೊದಲು ತುಂಬಿತು. ಅಂಗಡಿಯ ಬಾಗಿಲು ಹೊರಗೆ ತೆರೆಯುವಂಥದ್ದು. ಅಷ್ಟು ನೀರನ್ನು ನೂಕಿ ಅದನ್ನು ತೆರೆಯಲು ಇಬ್ಬರು ಗಟ್ಟಿಗರಿಗೂ ಆಗುತ್ತಿರಲಿಲ್ಲ. ನಾನು ಮೂರು ನಲವತ್ತಕ್ಕೆ ಸೈರನ್ ಕೂಗಿಸಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಬಾಗಿಲಿಗೆ ಒರಗಿದ್ದ ಅವರನ್ನು ಮರುದಿನ ಎತ್ತಿದವರಲ್ಲಿ ನಾನೂ ಇದ್ದೆ. ಅವರ ಬೆರಳುಗಳ ವಿಷಯ ನಿನಗೆ ಹೇಳಿಲ್ಲ. ಹೇಳುವುದಿಲ್ಲ.

ಇನ್ನೊಂದು ಸುದ್ದಿ. ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ತಿಳಿ. ಈ ಪ್ರವಾಹವೂ ಲೆಕ್ಕಕ್ಕೆ ಸೇರಿ ಸರಾಸರಿ ಮತ್ತೆ ಏರಿದೆಯಂತೆ. ಹೋದ ವಾರ ಹೊಸ ಆದೇಶ ಬಂತು, ಹತ್ತೂವರೆ ಮೀಟರು. ಬಣ್ಣವೂ ಜೊತೆಗೇ ಬಂತು. ನಿನ್ನೆ ಬಳಿದೆ. ನಾನು ಬಳಿಯದಿದ್ದರೆ ಇನ್ನೊಬ್ಬ ಬಳಿಯುತ್ತಾನೆ ಎಂದು ಹೇಳಿಕೊಂಡೆ. ಹಾಗೆಂದುಕೊಂಡೇ ಮೂರು ಸಲ ಏಣಿ ಹತ್ತಿದ್ದೇನೆ. ನನ್ನ ಮೇಲೆ ನನಗೆ ಹೇಸಿಗೆಯಾಗಿದೆ, ಅದರಿಂದ ಯಾರಿಗೂ ಉಪಯೋಗವಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಬೇಕಲ್ಲ. ಹಲಗೆಯನ್ನು ನಂಬಿದ್ದೆ ಎಂದು ಗುರುವಾರ ಹೇಳುವವನಿದ್ದೇನೆ. ಕಚೇರಿಯವರು ಕಲಿಸಿಕೊಟ್ಟದ್ದು ಅದು. ನಿನಗೂ ಅದನ್ನೇ ಬರೆಯೋಣವೆಂದು ಕೂತಿದ್ದೆ.

ಊಟ ಬಿಡಬೇಡ. ಅಂಗಿಗಳನ್ನು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ.

ನಿನ್ನ ಅಣ್ಣ

ತಾ.ಕ.: ಲಕೋಟೆ ಅಂಟಿಸಿದ್ದವನು ಮತ್ತೆ ಒಡೆದೆ. ಹೊಲಿಗೆ ಯಂತ್ರ ಉಳಿದದ್ದು ಅದೃಷ್ಟದಿಂದಲ್ಲ. ಆ ಬೆಳಿಗ್ಗೆ ನೀರು ಒಂಬತ್ತು ಮುಟ್ಟಿದ ಕೂಡಲೇ, ನಿನ್ನ ಫೋನು ಬರುವುದಕ್ಕೆ ಅರ್ಧ ಗಂಟೆ ಮೊದಲು, ನಾನು ಮನೆಗೆ ಫೋನು ಮಾಡಿ, ಮೋರಿ ಏಳುತ್ತದೆ, ಪಕ್ಕದ ಮನೆಯವರನ್ನು ಕರೆದು ಯಂತ್ರವನ್ನು ಮಹಡಿಗೆ ಏರಿಸು ಎಂದು ನಿನ್ನ ಅತ್ತಿಗೆಗೆ ಹೇಳಿದ್ದೆ. ಹೆಂಡತಿಗೆ ಅಪ್ಪನ ಗೆರೆ ಹೇಳಿದೆ, ನಿನಗೆ ಕಚೇರಿಯ ಗೆರೆ ಹೇಳಿದೆ. ಯಾಕೆಂದು ಐದು ವಾರದಿಂದ ಕೇಳಿಕೊಳ್ಳುತ್ತಿದ್ದೇನೆ, ಗೊತ್ತಾಗಿಲ್ಲ. ವಿಚಾರಣೆ ಗುರುವಾರ ಹತ್ತು ಗಂಟೆಗೆ, ಕಚೇರಿಯ ಎರಡನೆಯ ಮಹಡಿಯಲ್ಲಿ. ಸಂಬಂಧಪಟ್ಟವರು ತರುವ ಕಾಗದಗಳನ್ನು ತೆಗೆದುಕೊಳ್ಳುತ್ತಾರಂತೆ. ಯಂತ್ರವನ್ನು ಇನ್ನಾದರೂ ಕೆಳಗಿಳಿಸೋಣವಾ ಎಂದು ನಿನ್ನ ಅತ್ತಿಗೆ ನಿನ್ನೆ ಕೇಳಿದಳು. ಬೇಡ, ಅಲ್ಲೇ ಇರಲಿ ಎಂದೆ.