ಹತ್ತು ಗಂಟೆ ಹತ್ತು ನಿಮಿಷ

ಗುರುವಾರ, ಮಧ್ಯಾಹ್ನದ ಊಟದ ಬಿಡುವು

ರೀ,

ಹೀಗೆ ಕರೆದು ಹದಿನಾಲ್ಕು ತಿಂಗಳಾಯಿತು. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಿಮ್ಮಕ್ಕನ ಕೈಯಲ್ಲಿ ಕಳಿಸುತ್ತಿದ್ದೇನೆ. ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡಿ. ನಾಳೆ ಹನ್ನೊಂದಕ್ಕೆ ಕಾರು ಕಂಪನಿಯವರ ಮುಂದೆ ನಿಮ್ಮ ವಿಚಾರಣೆ. ಅಷ್ಟರೊಳಗೆ ಇದನ್ನು ನೀವು ಓದಲೇಬೇಕು.

ಮುರಿದ ಕೈ ಹೇಗಿದೆ? ಎಡಗೈಯಾದ್ದರಿಂದ ಊಟಕ್ಕೆ ತೊಂದರೆಯಿಲ್ಲ ಎಂದು ಅಕ್ಕ ಹೇಳಿದರು. ಏನೇ ಮುರಿದರೂ ಹೊಟ್ಟೆಗೆ ಮೋಸ ಮಾಡಿಕೊಳ್ಳುವವರಲ್ಲ ನೀವು, ಅದು ನನಗೆ ಗೊತ್ತು.

ವಿಷಯಕ್ಕೆ ಬರುತ್ತೇನೆ. ಆ ಹೊಸ ಕಾರಿನ ಜಾಹೀರಾತಿನ ಚಿತ್ರೀಕರಣದ ದಿನ ನಿಮ್ಮ ಕೈಗೆ ಕಟ್ಟಿದ್ದ ವಾಚು ನಾನು ಜೋಡಿಸಿದ್ದು. ಅದು ಆ ಕಾರಿಗೆಂದೇ ಹುಟ್ಟಿದ ವಾಚು. ಕಾರಿನ ವೇಗದ ಮೀಟರಿನಂಥದೇ ಮುಖ. ಸೀಟಿನ ಹೊಲಿಗೆಯ ಕಿತ್ತಳೆ ದಾರವೇ ಅದರ ಪಟ್ಟಿಗೂ. ಉಡುಪಿನ ವಿನ್ಯಾಸ ಮಾಡುವಾಕೆ, ವಾಚು ಚೆನ್ನಾಗಿ ಕಾಣಲಿ ಎಂದು ಚಾಲಕನ ಕೋಟಿನ ತೋಳನ್ನೇ ಒಂದು ಬೆರಳು ಗಿಡ್ಡ ಮಾಡಿಸಿದರು. ಎಲ್ಲವೂ ಸರಿಯಿತ್ತು, ಒಂದನ್ನು ಬಿಟ್ಟು. ವಾಚಿನೊಳಗೆ ಯಂತ್ರವೇ ಇರಲಿಲ್ಲ.

ಯಂತ್ರ ಇನ್ನೂ ತಯಾರಾಗಿರಲಿಲ್ಲ, ಚಿತ್ರೀಕರಣ ಮುಂದಕ್ಕೆ ಹೋಗುವಂತಿರಲಿಲ್ಲ. ನಮ್ಮ ಇಸ್ತ್ರಿ ಸಾಹೇಬರು ನಿಮಗೆ ನೆನಪಿರಬೇಕು, ಪ್ಯಾಂಟಿನ ಗೆರೆ ಹಾಳಾದೀತೆಂದು ನಿಂತೇ ಮೀಟಿಂಗ್ ನಡೆಸುವ ಮೇಲಧಿಕಾರಿ. ಅವರು ನನ್ನ ಮೇಜಿಗೇ ಬಂದು, ಖಾಲಿ ಡಬ್ಬಿಗೇ ಮುಳ್ಳು ಅಂಟಿಸಿ ಕೊಡಮ್ಮ, ಫೋಟೋದಲ್ಲಿ ಯಾರಿಗೆ ಗೊತ್ತಾಗುತ್ತೆ ಅಂದರು. ಅಂಟಿಸಿದೆ. ಜಾಹೀರಾತಿನ ವಾಚುಗಳಿಗೆಲ್ಲ ನಾವು ಇಡುವುದು ಹತ್ತು ಗಂಟೆ ಹತ್ತು ನಿಮಿಷ. ಎರಡು ಮುಳ್ಳೂ ಕೈ ಎತ್ತಿದ ಹಾಗೆ ನಿಂತರೆ ನಡುವೆ ಕಂಪನಿಯ ಹೆಸರು ಕಾಣುತ್ತದೆ. ತೂಕ ಬರಲೆಂದು ಒಳಗೊಂದು ಲೋಹದ ತುಂಡು ಇಟ್ಟು, ಅಲುಗಾಡದಂತೆ ಅಂಟು ಹಾಕಿ, ಬೆನ್ನು ಮುಚ್ಚಿದೆ. ಯಾರ ಕೈಗೆ ಕಟ್ಟುತ್ತಾರೋ ನನಗೆ ಗೊತ್ತಿರಲಿಲ್ಲ.

ಈಗ ಅದೇ ವಾಚು ನಿಮ್ಮ ಕುತ್ತಿಗೆಗೆ ಬಂದಿದೆ. ಕಾರು ಗೋಡೆಗೆ ಗುದ್ದಿದ್ದು ರಾತ್ರಿ ಒಂಬತ್ತು ನಲವತ್ತಕ್ಕೆ, ರಸ್ತೆಗೆ ನೀರು ಹೊಡೆಸಿ ಇನ್ನೊಂದು ಸಲ ಜೋರಾಗಿ ತಿರುಗಿಸು ಎಂದವರು ನಿರ್ದೇಶಕರೇ ಎಂದು ನೀವು ಹೇಳುತ್ತಿದ್ದೀರಿ. ಹತ್ತಕ್ಕೇ ಕೆಲಸ ಮುಗಿಸಿದ್ದೆವು, ಆಮೇಲೆ ಇವನೇ ಶೋಕಿಗೆ ಕಾರು ಎತ್ತಿಕೊಂಡು ಹೋದ ಎಂದು ಅವರು ಹೇಳುತ್ತಿದ್ದಾರೆ. ಅವರಿಗೆ ಸಾಕ್ಷಿ ಒಡೆದ ವಾಚು. ಅದು ಹತ್ತು ಹತ್ತಕ್ಕೆ ನಿಂತಿದೆ. ವಾಚು ಓಡುತ್ತಲೇ ಇರಲಿಲ್ಲ ಎಂದು ನೀವು ಎಷ್ಟು ಬಡಿದುಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸರಿಯಾಗಿ ಓಡುತ್ತಿತ್ತು ಎಂದು ನಮ್ಮ ವಾಚು ಕಂಪನಿ ಬರೆದುಕೊಟ್ಟಿದೆಯಲ್ಲ.

ಆ ಕಾಗದದ ಕೆಳಗಿರುವ ಸಹಿ ನನ್ನದು. ಓದದೆ ಹಾಕಿದೆ ಎಂದು ಇಲ್ಲಿ ಬರೆದಿದ್ದೆ, ಗೀಚಿ ಹಾಕಿದ್ದೇನೆ. ಓದಿಯೇ ಹಾಕಿದ್ದು. ಸಂಗತಿ ಹೊರಗೆ ಬಿದ್ದರೆ ಮುಂದಿನ ತಿಂಗಳ ಬಿಡುಗಡೆ ನಿಲ್ಲುತ್ತೆ, ಬಾಯಿ ಮುಚ್ಚಿಕೊಂಡಿದ್ದರೆ ಜೋಡಣೆ ವಿಭಾಗಕ್ಕೆ ನೀನೇ ಮುಖ್ಯಸ್ಥೆ ಅಂದರು ಸಾಹೇಬರು. ಆಸೆ ಇತ್ತು. ಅದಕ್ಕಿಂತ ಹೆಚ್ಚು ಹದಿನಾಲ್ಕು ತಿಂಗಳ ಹಿಂದಿನ ಸಿಟ್ಟಿತ್ತು. ಖಾಯಂ ಕೆಲಸ ಬಿಟ್ಟು ಜಾಹೀರಾತಿನ ಕಾರು ಓಡಿಸಲು ಹೊರಟಿದ್ದೀರೆಂದು ನನಗೆ ಪಕ್ಕದ ಮನೆಯವರಿಂದ ತಿಳಿಯಬೇಕಾಯಿತು. ಹಾಗಾದರೆ ಕಾರಿನ ಜೊತೆಗೇ ಸಂಸಾರ ಮಾಡಿ ಅಂದೆ. ನೀವು ಬ್ಯಾಗು ಹಿಡಿದು ಹೊರಟಿರಿ. ಸಹಿ ಹಾಕುವಾಗ, ಅನುಭವಿಸಲಿ ಅಂದುಕೊಂಡೆ. ಬರೆಯಲು ನಾಚಿಕೆಯಾಗುತ್ತದೆ.

ನಿನ್ನೆ ನಿಮ್ಮಕ್ಕ ಬಂದು, ಕಾರು ಕಂಪನಿಯವರು ಪೊಲೀಸರಿಗೆ ದೂರು ಕೊಟ್ಟು ಲೈಸೆನ್ಸು ಹೋದರೆ ಅವನು ಏನು ಮಾಡ್ತಾನೆ ಹೇಳು, ಅವನಿಗೆ ಬೇರೇನು ಬರುತ್ತೆ ಅಂದರು. ಅವರು ಹೋದ ಮೇಲೆ ನನ್ನ ಚಿಮಟದಲ್ಲಿ ಒಂದು ಮುಳ್ಳೂ ನಿಲ್ಲಲಿಲ್ಲ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಹೀಗಾಗಿದ್ದು ಇದೇ ಮೊದಲು.

ನಾಳೆ ನೀವು ಹೆಚ್ಚು ಮಾತಾಡಬೇಡಿ, ಮಾತಾಡಿದರೆ ಕೆಡಿಸುತ್ತೀರಿ. ವಾಚಿನ ಬೆನ್ನು ತೆಗೆಸಿ ನೋಡಿ ಎಂದಷ್ಟೇ ಕೇಳಿ. ಅದನ್ನು ಬಿಚ್ಚುವ ಕೀಲಿ ಎಲ್ಲರ ಬಳಿ ಇರುವುದಿಲ್ಲ. ಹತ್ತೂವರೆಗೇ ಅದನ್ನು ಹಿಡಿದು ಬಾಗಿಲ ಬಳಿ ನಿಂತಿರುತ್ತೇನೆ. ಸಾಹೇಬರೂ ಬರುತ್ತಾರೆ. ನನ್ನ ಸಹಿ ಸುಳ್ಳು ಎಂದು ಅವರೆದುರಿಗೇ ಹೇಳುತ್ತೇನೆ. ಆಮೇಲೆ ಈ ಕೆಲಸ ಉಳಿಯುವುದಿಲ್ಲ, ಗೊತ್ತು. ನೀವು ನನ್ನ ಪಕ್ಕ ಕೂರಬೇಕಿಲ್ಲ, ನನ್ನನ್ನು ನೋಡಿ ಎದ್ದು ಹೋಗದಿದ್ದರೆ ಸಾಕು.

ಬಿಡುವು ಮುಗಿಯಿತು. ಸಾಹೇಬರ ಬೂಟಿನ ಸದ್ದು ಇತ್ತಲೇ ಬರುತ್ತಿದೆ.

ನಿಮ್ಮವಳು ಎಂದು ಬರೆಯಲು ಧೈರ್ಯ ಸಾಲದ,
ನೀವೇ ಹೆಸರಿಟ್ಟ
ಚಿಮಟ

ತಾ.ಕ.: ಯಾರ ಕೈಗೆ ಕಟ್ಟುತ್ತಾರೋ ಗೊತ್ತಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಪಟ್ಟಿಯ ಐದನೆಯ ತೂತು ನಿಮಗೆ ಸಡಿಲ, ಆರನೆಯದು ಬಿಗಿ. ನಡುವೆ ಇನ್ನೊಂದು ತೂತು ಹಾಕಿದವಳು ನಾನೇ. ನಾಳೆ ಬೆನ್ನು ತೆಗೆದಾಗ ಎಲ್ಲರೆದುರು ಬೆಚ್ಚಿಬೀಳಬೇಡಿ. ತೂಕಕ್ಕೆಂದು ಒಳಗಿಟ್ಟದ್ದು ನನ್ನ ಮದುವೆಯ ಉಂಗುರ. ಅವರು ಅದನ್ನೂ ಸಾಕ್ಷಿಯೆಂದು ಲಕೋಟೆಗೆ ಹಾಕಿ ಸೀಲು ಮಾಡುವ ಮೊದಲು ನೀವು ಕೇಳಿ ತೆಗೆದುಕೊಳ್ಳಿ. ನನಗೆ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು.