ಮದಾಮ್ ಕಿವಿಯೊಳಗಿನ ದನಿ

18 ಜನವರಿ 2007, ಗುರುವಾರ

ಹರಿಣಿಯನ್ನು ಸ್ಕೂಲಿಗೆ ಬಿಟ್ಟೆ. ದಾರಿಯಲ್ಲಿ ಹಾಲು, ಕೊತ್ತಂಬರಿ. ಆಮೇಲೆ ಎಂದಿನಂತೆ ಹಿಂದಿನ ಬೀದಿಗೆ, ಮದಾಮ್ ಮನೆಗೆ. ಅವರ ಕಣ್ಣು ಮಂದವಾದಾಗಿನಿಂದ ಫ್ರೆಂಚ್ ಪತ್ರಿಕೆ ಓದಿ ಹೇಳುವುದು ನನ್ನ ಪಾಲಿಗೆ ಬಂದಿದೆ. ಧಾರವಾಡದ ಕಾಲೇಜಿನಲ್ಲಿ ಫ್ರೆಂಚ್ ಕಲಿಸಿದ್ದಕ್ಕೆ ಸ್ಯಾನ್ ಡಿಯೆಗೊದ ಈ ರಾಂಚೊ ಬರ್ನಾರ್ಡೊದಲ್ಲಿ ಸಿಕ್ಕ ಉಪಯೋಗ ಇಷ್ಟೇ.

ಬೀದಿಯವರಿಗೆ ಅವರು ತೀರಿಹೋದ ಡೆಂಟಿಸ್ಟ್‌ನ ಹೆಂಡತಿ. ಒಡೀಲ್ ವೆರ್ನಾಕ್ ಎಂಬ ಹೆಸರು, ಒಂದು ಕಾಲದಲ್ಲಿ ಪ್ಯಾರಿಸ್ಸಿನ ಗೋಡೆಗಳ ಮೇಲೆಲ್ಲ ಇದ್ದ ಮುಖ — ಯಾರಿಗೂ ಗೊತ್ತಿಲ್ಲ. ಗೊತ್ತಾದರೂ ಏನು, ಕಸದ ಡಬ್ಬಿ ಮಂಗಳವಾರವೇ ಹೊರಗಿಡಬೇಕು.

ಇವತ್ತು ಓದು ನಡೆಯಲಿಲ್ಲ. ಏಜೆಂಟ್ ಫೋನ್ ಮಾಡಿದ್ದನಂತೆ. ಹಾಲಿವುಡ್ ಪಕ್ಕದ ಬರ್ಬ್ಯಾಂಕಿನಲ್ಲಿ ಇಂಗ್ಲಿಷ್ ಸಿನಿಮಾ. ಮುದುಕಿಯೇ ಮುಖ್ಯ ಪಾತ್ರ, ಮಾತು ಬೇಕಾದಷ್ಟಿದೆ. ಖುಷಿಯಿಂದ ಹೇಳಿದರು, ಕಾಫಿ ಕೊಟ್ಟರು. ಕಪ್ ತೊಳೆದಿಟ್ಟು ಬಂದು ಅದೇ ಸುದ್ದಿಯನ್ನು ಅದೇ ಖುಷಿಯಿಂದ ಮತ್ತೊಮ್ಮೆ ಹೇಳಿದರು. ನಾನೂ ಮತ್ತೊಮ್ಮೆ "ಹೌದಾ!" ಎಂದೆ. ಇತ್ತೀಚೆಗೆ ರೂಢಿಯಾಗಿದೆ.

23 ಜನವರಿ, ಮಂಗಳವಾರ

ಗೊತ್ತಿದೆ ಅವರಿಗೆ. ಮರೆಯುತ್ತಿದ್ದೇನೆ ಎಂಬುದು ಮಾತ್ರ ಮರೆತಿಲ್ಲ.

"ನಿನ್ನೆ ಇಡೀ ದಿನ ಒಂದೇ ಸಾಲು ಕಲಿತೆ ಗೌರಿ. ಬೆಳಿಗ್ಗೆ ಎದ್ದಾಗ ಇರ್ಲಿಲ್ಲ."

"ಹಾಗಾದರೆ ಬೇಡ ಅಂದುಬಿಡಿ."

ಸಿಟ್ಟು ಬಂತು. ಎದ್ದು ಕಿಟಕಿ ಹತ್ತಿರ ಹೋದರು. ಆಮೇಲೆ ಹೇಳಿದ ಕತೆ — ಇದನ್ನು ಮೊದಲು ಕೇಳಿರಲಿಲ್ಲ. ಅಪ್ಪ ಬಂದರಿನಲ್ಲಿ ಮೀನು ಇಳಿಸುವವನು. ಹತ್ತೊಂಬತ್ತಕ್ಕೆ ಮೊದಲ ಚಿತ್ರ. ಡೈರೆಕ್ಟರ್‌ಗೆ ಇವರ ಮುಖ ಬೇಕು, ಬಂದರಿನ ಮಾತು ಬೇಡ. ಪ್ಯಾರಿಸ್ಸಿನ ಇನ್ನೊಬ್ಬಳು ಸ್ಟುಡಿಯೋದಲ್ಲಿ ಕೂತು ಇವರ ಮಾತೆಲ್ಲ ಆಡಿದಳು. ಚಿತ್ರ ಓಡಿತು. ಜನಕ್ಕೆ ಆ ದನಿಯೇ ಒಡೀಲ್ ವೆರ್ನಾಕ್ ಆಯಿತು. ಆಮೇಲಿನ ಚಿತ್ರಗಳಿಗೂ ಅವಳೇ. ಊರಿನ ಟಾಕೀಸಿನಲ್ಲಿ ನೋಡಿದ ಇವರ ತಾಯಿ ಹೊರಗೆ ಬಂದು ಕೇಳಿದ್ದು: "ನೋಡೋಕೆ ನಿನ್ ಹಾಗೇ ಇದ್ದಾಳೆ. ಯಾರವಳು?"

ನಂತರ ಹಾಲಿವುಡ್. ಬಾಗಿಲು ತೆರೆಯುವ ಫ್ರೆಂಚ್ ಕೆಲಸದವಳು, ಕುಡಿದು ಕೂರುವ ಫ್ರೆಂಚ್ ವಿಧವೆ, ಬೇಗ ಸಾಯುವ ಫ್ರೆಂಚ್ ಗೂಢಚಾರಿಣಿ. ಬಾಯಿ ತೆರೆಯುವಷ್ಟರಲ್ಲಿ ಸೀನ್ ಮುಗಿಯುತ್ತಿತ್ತು. ಕೊನೆಗೆ ಡೆಂಟಿಸ್ಟ್, ಸ್ಯಾನ್ ಡಿಯೆಗೊ.

"ಒಂದು ಸಿನಿಮಾದಲ್ಲಾದ್ರೂ ನನ್ನ ದನಿ ನನ್ನದಾಗಿರ್ಬೇಕು. ಆಮೇಲೆ ಎಲ್ಲ ಮರೆತುಹೋದ್ರೂ ಹೋಗ್ಲಿ."

ಆಮೇಲೆ ಕೆಲಸಕ್ಕೆ ಸೇರಿದ ಬೆಂಗಳೂರಿನ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ನನ್ನ ಧಾರವಾಡದ ಕನ್ನಡಕ್ಕೆ ನಗುತ್ತಿದ್ದರು. ನಕ್ಕಾಗ ನಾನೂ ನಗುತ್ತಿದ್ದೆ. ಅದು ನೆನಪಾಯಿತು. ಆಯಿತು, ನೋಡೋಣ ಎಂದುಬಿಟ್ಟೆ.

9 ಫೆಬ್ರವರಿ, ಶುಕ್ರವಾರ

ಉಪಾಯ ಅವರದೇ. ಹಿಂದೆ ಒಬ್ಬ ಮುದಿ ನಟ ಮಾಡುತ್ತಿದ್ದನಂತೆ. ಕಿವಿಯೊಳಗೆ ಬಟಾಣಿಯಷ್ಟು ಯಂತ್ರ. ಕ್ಯಾಮೆರಾ ಹಿಂದೆ ಮೂಲೆಯಲ್ಲಿ ನಾನು, ಕೈಯಲ್ಲಿ ಮೈಕ್. ನಾನು ಹೇಳಿದ್ದನ್ನು ಅವರು ಆಡುವುದು. ಕಂಪನಿಗೆ ಹೇಳಿರುವುದು "ಕಿವಿ ಸ್ವಲ್ಪ ಮಂದ, ಸಹಾಯಕ್ಕೆ ಒಬ್ಬರು ಇರ್ತಾರೆ" ಎಂದು. ನೆನಪಿನ ವಿಷಯ ಗೊತ್ತಾದರೆ ಇನ್ಶೂರೆನ್ಸ್‌ನವರು ಒಪ್ಪುವುದಿಲ್ಲ, ಪಾತ್ರ ಹೋಗುತ್ತದೆ.

ಅಡಿಗೆಮನೆಯಲ್ಲಿ ನಾನು, ಹಾಲ್‌ನಲ್ಲಿ ಅವರು. ಪ್ರ್ಯಾಕ್ಟೀಸ್. ನಾನು ಭಾವ ತುಂಬಿ ಹೇಳಿದರೆ ಬೈಗುಳ.

"ಭಾವ ನನ್ನ ಕೆಲಸ. ನೀನು ಬಸ್ಸಿನ ಟೈಮ್ ಹೇಳಿದ ಹಾಗೆ ಹೇಳು. ಕಿವಿಗೆ ಬಿದ್ದದ್ದು ಬಾಯಿಗೆ ಬರ್ಬೇಕು. ನಡುವೆ ತಲೆ ಬರ್ಬಾರ್ದು, ತಲೇಲಿ ಏನೂ ಇಲ್ಲ ಈಗ."

ನಕ್ಕರು. ನಾನು ನಗಲಿಲ್ಲ.

ಕಲಿತರು ಮಾತ್ರ. ಸಂಜೆಯ ಹೊತ್ತಿಗೆ ನನ್ನ ಸಾಲು ಮುಗಿಯುವ ಮೊದಲೇ ಅವರ ಬಾಯಲ್ಲಿ. ನನ್ನ ಒಣ ಮಾತು ಹಾಲ್‌ನಲ್ಲಿ ಒದ್ದೆಯಾಗಿ ಕೇಳಿಸುತ್ತದೆ.

ಉದಯ್ ಊಟಕ್ಕೆ ಕೂತು: "ಅಲ್ಲ, ದಿನಾ ಬರ್ಬ್ಯಾಂಕ್‌ಗೆ ಹೋಗಿ ಬರೂದು ಆಗತೈತೇನ? ಟ್ರಾಫಿಕ್‌ನ್ಯಾಗ ಅರ್ಧ ದಿನ ಹೊಕ್ಕೈತಿ."

"ಮೂರು ವಾರ ಅಷ್ಟರೀ."

"ಸಾಕಾಗಿ ಅತ್ತೀ ನೋಡ ನೀ."

ಹರಿಣಿ ಫೋನಿನಿಂದ ತಲೆ ಎತ್ತದೆ, "ಲೆಟ್ ಹರ್ ಗೋ, ಪಪ್ಪಾ." ಹದಿಮೂರಕ್ಕೇ ಜಡ್ಜ್.

5 ಮಾರ್ಚ್, ಸೋಮವಾರ

ಮೊದಲ ದಿನ. ಹೆಡ್‌ಲೈಟ್ ಹಾಕಿಕೊಂಡು ಹೊರಟದ್ದು. ಫ್ರೀವೇಯಲ್ಲಿ ಮದಾಮ್ ನಿದ್ದೆ, ನಾನು ಬ್ರೇಕು. ಡೈರೆಕ್ಟರ್ ಇನ್ನೂ ಹುಡುಗನಂತಿದ್ದಾನೆ, ಒಳ್ಳೆಯವನು. ಊಟದ ಹೊತ್ತಿಗೆ ಬಂದು ನನ್ನ ಹತ್ತಿರವೇ ಹೇಳಿದ, "ಆಕೆ ಮಾತಿಗೆ ಮೊದಲು ತಗೊಳ್ಳೋ ಮೌನ ಇದ್ಯಲ್ಲ, ಅದನ್ನ ಯಾರೂ ಕಲಿಸೋಕೆ ಆಗಲ್ಲ."

ಆ ಮೌನ ನಾನು ಪುಟ ತಿರುಗಿಸುವ ಮೌನ.

14 ಮಾರ್ಚ್

ಬೆನ್ನು ನೋವು. ಕಾರಿನಲ್ಲೇ ಚಿತ್ರಾನ್ನ. ಮನೆಯಲ್ಲಿ ಬಟ್ಟೆ ಗುಡ್ಡ ಬಿದ್ದಿದೆ, ಯಾರೂ ಮುಟ್ಟಿಲ್ಲ.

ಮದಾಮ್ ಇವತ್ತು ಸ್ಟುಡಿಯೋ ಗೇಟಿನಲ್ಲಿ "ಯಾಕೆ ಬಂದಿದ್ದೀವಿ ಇಲ್ಲಿಗೆ?" ಎಂದರು. ಹೇಳಿದೆ. "ಓ, ಹೌದು" ಎಂದು ಲಿಪ್‌ಸ್ಟಿಕ್ ತೆಗೆದರು. ಕ್ಯಾಮೆರಾ ಮುಂದೆ ನಿಂತರೆ ಬೇರೆಯೇ ಹೆಂಗಸು. ಇಳಿದು ಬಂದರೆ ಕೈ ತಣ್ಣಗೆ, ನನ್ನ ಸೆರಗಿಗೆ — ಸೆರಗಿಲ್ಲ, ಜಾಕೆಟ್ಟಿನ ತುದಿಗೆ — ಜೋತುಬೀಳುತ್ತಾರೆ. ನನಗೂ ಸಾಕಾಗಿದೆ. ಉದಯ್‌ಗೆ ಹೇಳುವುದಿಲ್ಲ.

22 ಮಾರ್ಚ್, ಗುರುವಾರ

ಮಲಗುವ ಮೊದಲೇ ಬರೆದುಬಿಡುತ್ತೇನೆ.

ಕೊನೆಯ ಸೀನ್. ಮುದುಕಿ ಮನೆ ಬಿಟ್ಟು ಹೊರಡುತ್ತಾಳೆ. ತಾಯಿ ಕೂರುತ್ತಿದ್ದ ಖಾಲಿ ಕುರ್ಚಿಯ ಮುಂದೆ ನಿಂತು, "ಅಮ್ಮಾ, ನಾನು ಹೊರಟೆ" ಎನ್ನಬೇಕು. ಅಷ್ಟೇ. ಆದರೆ ಲೈಟ್ ಸರಿಯಿಲ್ಲ, ಮತ್ತೆ. ವಿಮಾನದ ಸದ್ದು, ಮತ್ತೆ. ಬೆಳಗಿನಿಂದ ಮದಾಮ್ ನಿಂತೇ ಇದ್ದಾರೆ. ಮಧ್ಯಾಹ್ನದ ಮೇಲೆ ಮೊಣಕಾಲು ಕಂಪಿಸುವುದು ನನಗೆ ಮೂಲೆಯಿಂದಲೇ ಕಾಣುತ್ತಿತ್ತು. ಕೂರಿ ಎಂದರೆ ಕೂರುವುದಿಲ್ಲ, ಜಾಗ ತಪ್ಪುತ್ತದಂತೆ.

ಮತ್ತೆ ಟೇಕ್. ಕ್ಯಾಮೆರಾ ಓಡುತ್ತಿದೆ. ಅವರು ಕಾಯುತ್ತಿದ್ದಾರೆ, ನನ್ನ ಸಾಲಿಗೆ. ಕಾಲು ಮತ್ತೆ ನಡುಗಿತು. ಫ್ರೆಂಚ್ ಇಲ್ಲ, ಇಂಗ್ಲಿಷ್ ಇಲ್ಲ. ಬಾಯಿಗೆ ಬಂದದ್ದು ಮನೆಯ ಮಾತು. ಮೈಕ್ ತುಟಿಯ ಹತ್ತಿರವೇ ಇತ್ತು.

"ಸಾಕ್ರೀ ಅವ್ವಾ, ಕೂಡ್ರಿ ಇನ್ನ."

ಕಿವಿಗೆ ಬಿದ್ದದ್ದು ಬಾಯಿಗೆ. ನಡುವೆ ತಲೆ ಬರಲಿಲ್ಲ. ಮದಾಮ್ ಖಾಲಿ ಕುರ್ಚಿಯತ್ತ ಬಗ್ಗಿ, ಅದರ ಕೈಯ ಮೇಲೆ ಕೈಯಿಟ್ಟು, ನಮ್ಮ ಕನ್ನಡದಲ್ಲಿ, ಅವರ ಬಂದರಿನ ಗಡಸು ದನಿಯಲ್ಲಿ ಅಂದರು — "ಸಾಕ್ರೀ ಅವ್ವಾ, ಕೂಡ್ರಿ ಇನ್ನ."

ಯಾರೂ ಅಲ್ಲಾಡಲಿಲ್ಲ. ಮುಗಿಯಿತು, ಇಷ್ಟು ದಿನದ್ದೆಲ್ಲ ನನ್ನಿಂದಲೇ ನೀರಿನಲ್ಲಿ ಹೋಮ.

ಡೈರೆಕ್ಟರ್ ಎದ್ದು ಬಂದ. ಕಣ್ಣು ಕೆಂಪಗಿತ್ತು. "ಅದು ಯಾವ ಭಾಷೆ, ಒಡೀಲ್?"

ಮದಾಮ್ ನನ್ನತ್ತ ನೋಡಲೂ ಇಲ್ಲ. "ನಮ್ಮ ಬಂದರಿನ ಮಾತು. ನನ್ನ ತಾಯಿಯ ಜೊತೆ ಹಾಗೇ ಆಡ್ತಿದ್ದೆ."

ಐವತ್ತು ವರ್ಷದ ನಟನೆ ಎಂದರೆ ಇದು. ಸುಳ್ಳಿಗೆ ಒಂದು ಕ್ಷಣವೂ ತಗೊಳ್ಳಲಿಲ್ಲ. "ಇದನ್ನೇ ಇಟ್ಕೋತೀನಿ" ಎಂದ ಹುಡುಗ. ಎಲ್ಲರೂ ಚಪ್ಪಾಳೆ. ನಾನು ಹೊರಗೆ ಹೋಗಿ ಗೋಡೆಗೆ ಒರಗಿ ಅತ್ತೆ.

23 ಮಾರ್ಚ್

ನಿನ್ನೆ ವಾಪಸ್ ಬರುವಾಗ ಕಾರಿನಲ್ಲಿ ಕೇಳಿದ್ದರು, ಏನದು ನೀನು ಹೇಳಿದ್ದು. ಅರ್ಥ ಹೇಳಿದೆ. ನನ್ನ ಕಡೆ ತಿರುಗಿದರು. "ಯಾರಿಗೆ ಹೇಳಿದೆ, ಕುರ್ಚಿಗಾ?"

"ಅಲ್ಲ, ನಿಮಗೆ."

ಎಸ್ಕಾಂಡಿಡೊ ದಾಟುವವರೆಗೂ ಆ ಸಾಲನ್ನೇ ಬಾಯಲ್ಲಿ ತಿರುಗಿಸುತ್ತಿದ್ದರು. ಒಮ್ಮೆ ಜೋರಾಗಿ, ಒಮ್ಮೆ ಪಿಸುಮಾತಿನಲ್ಲಿ. ಕಿವಿಯಲ್ಲಿ ಯಂತ್ರವಿರಲಿಲ್ಲ, ನಾನೂ ಹೇಳಿಕೊಡಲಿಲ್ಲ.

ಇವತ್ತು ಬೆಳಿಗ್ಗೆ ಹೋದೆ. ನಿನ್ನೆ ಶೂಟಿಂಗ್ ಮುಗಿದದ್ದು ಮರೆತಿದ್ದರು. ಆ ಸಾಲು ಇತ್ತು.

22 ಅಕ್ಟೋಬರ್ 2007, ಸೋಮವಾರ. ಡೈಮಂಡ್ ಬಾರ್

ಕಾಡಿನ ಬೆಂಕಿ. ನಸುಕಿನಲ್ಲಿ ಪೊಲೀಸರು ಬಾಗಿಲು ಬಡಿದರು. ಪಾಸ್‌ಪೋರ್ಟು, ಹರಿಣಿಯ ಇನ್‌ಹೇಲರ್, ಮದಾಮ್. ಇಷ್ಟೇ ತಂದದ್ದು. ಈ ಊರಿನಲ್ಲಿ ಉದಯ್ ಗೆಳೆಯ ಸಿದ್ಧಲಿಂಗೇಶನ ಮನೆಯಲ್ಲಿದ್ದೇವೆ, ಟೀವಿಯಲ್ಲಿ ನಮ್ಮದೇ ಬೀದಿಯ ಹೊಗೆ.

ಮದಾಮ್‌ಗೆ ಇದು ಲೊಕೇಶನ್ ಎಂದೇ ಭಾವನೆ. ಉದಯ್‌ಗೆ ಕೇಳಿದರು, "ನನ್ನ ಸೀನ್ ಎಷ್ಟು ಹೊತ್ತಿಗೆ?" ಬೈಯುತ್ತಾರೆ ಎಂದುಕೊಂಡೆ. ಉದಯ್ ಅವರ ಹೆಗಲಿಗೆ ಶಾಲು ಹೊದಿಸಿ ಇಂಗ್ಲಿಷಿನಲ್ಲಿ, "ನಾಳೆ, ಮೇಡಂ. ಇವತ್ತು ರಜಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇವರನ್ನ ಒಬ್ಬರನ್ನೇ ಬಿಡಾಕ ಬರಂಗಿಲ್ಲ ಇನ್ನ." ಹೌದು.

(ಮನೆ ಉಳಿದಿದೆ. ಅವರದೂ. ಎದುರಿನ ಸಾಲು ಇಲ್ಲ.)

8 ಏಪ್ರಿಲ್ 2008, ಮಂಗಳವಾರ

ಮದಾಮ್ ಈಗ ಪಕ್ಕದೂರು ಪೊವೇಯ ಒಂದು ವೃದ್ಧರ ಹೋಮಿನಲ್ಲಿದ್ದಾರೆ. ಅವರ ಗಂಡನ ಅಣ್ಣನ ಮಗಳು ಸೇರಿಸಿದಳು. ಒಳ್ಳೆಯ ಜಾಗ, ಚೊಕ್ಕ. ಗುರುವಾರ ಹೋಗಿ ಓದುತ್ತೇನೆ, ಕೇಳುತ್ತಾರೋ ಇಲ್ಲವೋ.

ಇವತ್ತು ಡೈರೆಕ್ಟರ್ ಫೋನ್. ದನಿ ಸಣ್ಣದಾಗಿತ್ತು. ಪ್ರೊಡ್ಯೂಸರ್‌ಗಳಿಗೆ ಮದಾಮ್ ಮಾತು ಅರ್ಥವಾಗುವುದಿಲ್ಲವಂತೆ. ಉಚ್ಚಾರ ಭಾರ, ಮೌನ ಉದ್ದ. ಇನ್ನೊಬ್ಬ ನಟಿಯಿಂದ ಡಬ್ ಮಾಡಿಸಿದ್ದಾರೆ. ಇಡೀ ಪಾತ್ರ.

"ಮತ್ತೆ ಬಂದಳಾ ಆ ಇನ್ನೊಬ್ಬಳು!" ಎಂದು ಕನ್ನಡದಲ್ಲೇ ಕೂಗಿದೆ. ಅವನಿಗೇನು ಅರ್ಥವಾಗಬೇಕು. ಸಾರಿ, ಸಾರಿ ಎಂದ. ಫೋನ್ ಇಟ್ಟ ಮೇಲೆ ಒಲೆಯ ಮೇಲಿನ ಸಾರು ತಳ ಹಿಡಿದಿತ್ತು. ಪಾತ್ರೆ ಸಮೇತ ಸಿಂಕಿಗೆ ಹಾಕಿದೆ.

ಎಷ್ಟು ದಾರಿ ಓಡಿಸಿದೆ. ಎಷ್ಟು ಬೆಳಗು. ಒಂದು ದನಿಗೋಸ್ಕರ.

ಮದಾಮ್‌ಗೆ ಹೇಳುವುದಿಲ್ಲ.

20 ಸೆಪ್ಟೆಂಬರ್ 2008, ಶನಿವಾರ

ಸಿನಿಮಾ ಬಂತು. ಸ್ಯಾನ್ ಡಿಯೆಗೊದಲ್ಲಿ ಒಂದೇ ಥಿಯೇಟರ್, ಮಧ್ಯಾಹ್ನದ ಆಟ. ಕರೆದುಕೊಂಡು ಹೋಗುವುದೋ ಬೇಡವೋ ಎಂದು ವಾರವೆಲ್ಲ ಒದ್ದಾಡಿದೆ. ಉದಯ್ ಹೇಳಿದರು, "ಮುಖನರ ನೋಡಲಿ ಬಿಡ."

ಅರ್ಧ ಖಾಲಿ. ಮದಾಮ್ ನಡುವೆ, ಆಚೆ ಹರಿಣಿ, ಈಚೆ ನಾನು. ತೆರೆಯ ಮೇಲೆ ಇವರ ಮುಖ ಬಂತು, ಬಾಯಿ ತೆರೆಯಿತು. ನುಣುಪಾದ, ಅಂದವಾದ, ಯಾರದೋ ದನಿ. ಮದಾಮ್ ನನ್ನ ಕಿವಿಗೆ ಬಗ್ಗಿದರು.

"ಯಾರವಳು?"

ಕೈ ಹಿಡಿದುಕೊಂಡೆ. ಉಳಿದದ್ದೆಲ್ಲ ತೂಕಡಿಸುತ್ತಲೇ ನೋಡಿದರು. ನನಗೆ ಎದ್ದುಹೋಗಬೇಕು ಅನಿಸುತ್ತಿತ್ತು.

ಕೊನೆಯ ಸೀನ್. ಖಾಲಿ ಕುರ್ಚಿ. ಇಲ್ಲಿಯೂ ಅವಳೇ, ಏನೋ ಒಂದು ಇಂಗ್ಲಿಷ್ ಸಾಲು ಎಂದುಕೊಂಡು ಕಣ್ಣು ಮುಚ್ಚಿದೆ.

"ಸಾಕ್ರೀ ಅವ್ವಾ, ಕೂಡ್ರಿ ಇನ್ನ."

ಗಡಸು. ಬಂದರಿನದು. ಇವರದೇ. ಆ ಇನ್ನೊಬ್ಬ ನಟಿಗೆ ಇದನ್ನು ಆಡಲು ಬಂದಿರಲಿಕ್ಕಿಲ್ಲ. ಯಾವ ಭಾಷೆ ಎಂದೇ ಗೊತ್ತಿಲ್ಲದೆ ಯಾರು ಹೇಳಿಕೊಡುತ್ತಾರೆ? ಅದೊಂದನ್ನು ಹಾಗೇ ಬಿಟ್ಟಿದ್ದಾನೆ ಹುಡುಗ.

ಹರಿಣಿ ಎದ್ದೇ ನಿಂತಳು. "ಅಮ್ಮಾ! ದಟ್ಸ್ ಕನ್ನಡ!" ಹಿಂದಿನವರು ಶ್ ಎಂದರು.

ಮದಾಮ್ ನೆಟ್ಟಗೆ ಕೂತಿದ್ದರು, ಪೂರ್ತಿ ಎಚ್ಚರ. ತೆರೆಯತ್ತ ಬೆರಳು ತೋರಿಸಿ, ಸಣ್ಣ ಹುಡುಗಿ ಫೋಟೋದಲ್ಲಿ ತನ್ನನ್ನು ಗುರುತಿಸುವ ಹಾಗೆ, "ಅದು ನಾನು" ಎಂದರು.

ಕಾರಿನಲ್ಲಿ ಎಲ್ಲ ಮರೆತಿದ್ದರು.

13 ನವೆಂಬರ್ 2008, ಗುರುವಾರ

ಬೆಳಿಗ್ಗೆ ಹರಿಣಿಯ ಡೆಂಟಿಸ್ಟ್, ಆಮೇಲೆ ಕಾರಿಗೆ ಆಯಿಲ್, ಆಮೇಲೆ ಪೊವೇ. ಪಾರ್ಕಿಂಗ್ ದೂರ ಸಿಕ್ಕಿತು. ಸುಸ್ತು, ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ. ಮದಾಮ್ ಕಿಟಕಿಯ ಪಕ್ಕದಲ್ಲಿದ್ದರು. ತುಂಬಾ ಹೊತ್ತು ನೋಡಿದರು. ನನ್ನ ಗುರುತು ಹತ್ತಲಿಲ್ಲ. ಎರಡು ವಾರದಿಂದ ಹೀಗೇ. ಫ್ರೆಂಚ್‌ನಲ್ಲಿ ಮಾತಾಡಿಸಿದೆ, ಇಲ್ಲ. ಇಂಗ್ಲಿಷ್, ಇಲ್ಲ.

ಆಮೇಲೆ ಅವರ ಕಣ್ಣು ನನ್ನ ಕಾಲಿನ ಮೇಲೆ ಬಂತು. ನಿಧಾನವಾಗಿ ಎದ್ದರು. ತಾವು ಕೂತಿದ್ದ ಕುರ್ಚಿಯನ್ನೇ ನನ್ನ ಕಡೆ ತಿರುಗಿಸಿದರು. ಅದರ ಕೈ ತಟ್ಟಿದರು.

"ಸಾಕ್ರೀ ಅವ್ವಾ," ಎಂದರು. "ಕೂಡ್ರಿ ಇನ್ನ."

ಕೂತೆ. ಅವರು ನಿಂತೇ ಇದ್ದರು, ನನ್ನ ತಲೆಯ ಮೇಲೆ ಕೈಯಿಟ್ಟು. ಪತ್ರಿಕೆ ಬ್ಯಾಗಿನಲ್ಲೇ ಉಳಿಯಿತು.