ಬೆಳ್ಳಗಾಗದ ಮೊಟ್ಟೆಯ ಲೋಳೆ

ರಸಾಯನಶಾಸ್ತ್ರ ಪ್ರಯೋಗಾಲಯ,
ಬುಧವಾರ, ೧೨ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ನಮಸ್ಕಾರ. ಕಣ್ಣು ಈಗ ಹೇಗಿದೆ? ಪೊರೆಯಲ್ಲ, ನರವೇ ಸೊರಗಿದೆ, ಕಾರಣ ತಿಳಿಯುತ್ತಿಲ್ಲ ಎಂದು ಡಾಕ್ಟರು ಹೇಳಿದರೆಂದು ಅಕ್ಕ ಬರೆದಿದ್ದಳು. ಕುಡಿಯುವ ಅಭ್ಯಾಸ ಇದೆಯೇ ಎಂದು ಕೇಳಿದ್ದಕ್ಕೆ ನೀವು ಕುರ್ಚಿ ಬಿಟ್ಟೆದ್ದು, “ಮೂವತ್ತೊಂದು ವರ್ಷ ಕಾಲೇಜು ಲ್ಯಾಬಿನ ಸ್ಪಿರಿಟ್ ಬೀರು ಕಾದವನು ಡಾಕ್ಟ್ರೇ, ಒಂದು ತೊಟ್ಟು ನಾಲಿಗೆಗೆ ತಾಕ್ಸಿಲ್ಲ” ಎಂದು ಗದರಿದಿರಂತೆ. ಅದನ್ನು ಓದಿ ನಾನು ಒಬ್ಬಳೇ ನಕ್ಕಿದ್ದೆ. ಅದು ಹೋದ ವಾರ. ಈ ವಾರದ ಸುದ್ದಿಯನ್ನು ಫೋನಿನಲ್ಲಿ ಹೇಳಲು ಎರಡು ಸಲ ನಂಬರು ಒತ್ತಿ ಬಿಟ್ಟುಬಿಟ್ಟೆ. ಕಾಗದವಾದರೆ ಅಕ್ಕ ನಿಧಾನವಾಗಿ ಓದಿ ಹೇಳುತ್ತಾಳೆ.

ಕಾಲೇಜಿನಲ್ಲಿ ಮುಂದಿನ ತಿಂಗಳು ಕುಡಿತ ಮತ್ತು ಮಾದಕ ವಸ್ತುಗಳ ಬಗ್ಗೆ ಜಾಗೃತಿ ಸಪ್ತಾಹ. ಸಮಿತಿಯಲ್ಲಿ ಪ್ರಿನ್ಸಿಪಾಲರು, ಆಟದ ಮೇಷ್ಟ್ರು, ವಿದ್ಯಾರ್ಥಿಗಳ ಪರವಾಗಿ ಒಬ್ಬ ಹುಡುಗಿ, ಮತ್ತೆ ನಾನು. ಆಟದ ಮೇಷ್ಟ್ರಿಗೆ ಯಾವ ರೋಗಕ್ಕೂ ಓಟವೇ ಮದ್ದು. ಐದು ಕಿಲೋಮೀಟರ್ ಓಡಿಸೋಣ ಎಂದರು. ಆ ಹುಡುಗಿ ಮಾತ್ರ, “ಓಡಿ ಸುಸ್ತಾದವ್ರು ಆಮೇಲೆ ಎಲ್ಲಿಗೆ ಹೋಗ್ತಾರೆ ಅಂತ ನಿಮಗೆ ಗೊತ್ತಿಲ್ಲ ಸರ್. ಭಾಷಣಾನೂ ಬೇಡ. ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ತೋರ್ಸಿ” ಎಂದಳು. ನನಗೆ ತಕ್ಷಣ ನೀವು ಚಿಕ್ಕಂದಿನಲ್ಲಿ ತೋರಿಸುತ್ತಿದ್ದ ಆಟ ನೆನಪಾಯಿತು: ಗಾಜಿನ ಬಟ್ಟಲಲ್ಲಿ ಮೊಟ್ಟೆಯ ಲೋಳೆ, ಮೇಲಿಂದ ಸ್ಪಿರಿಟ್, ಬೆಂಕಿಯಿಲ್ಲದೆ ಬೆಂದ ಹಾಗೆ ಬೆಳ್ಳಗಾಗುವ ಲೋಳೆ. “ಹೊಟ್ಟೆಯೊಳಗೂ ಹಿಂಗೇ ಮಗಳೇ” ಎನ್ನುತ್ತಿದ್ದಿರಿ. ಎಲ್ಲರೂ ಒಪ್ಪಿದರು. ಉದ್ಘಾಟನೆಗೆ ನಿಮ್ಮನ್ನೇ ಕರೆಯಬೇಕು, ಅಷ್ಟು ವರ್ಷ ಬೀರುವಿನ ಪಕ್ಕ ಕೂತೂ ಕೈ ಶುದ್ಧ ಇಟ್ಟುಕೊಂಡ ಮನುಷ್ಯ ಎಂದು ಪ್ರಿನ್ಸಿಪಾಲರೇ ಹೇಳಿದರು. ನನ್ನ ಎದೆ ಉಬ್ಬಿತು ಎಂದು ಬೇರೆ ಹೇಳಬೇಕೇ?

ಸೋಮವಾರ ಹನ್ನೊಂದು ಗಂಟೆಗೆ ಸಮಿತಿಯ ಮುಂದೆ ಅಭ್ಯಾಸ ಇಟ್ಟುಕೊಂಡಿದ್ದೆವು. ಒಳಕೋಣೆಯ ಬೀರು ತೆರೆದು, ಕೆಳಗಿನ ಹಲಗೆಯ ಸೀಲು ಮಾಡಿದ ದೊಡ್ಡ ಬಾಟಲಿ ತೆಗೆದೆ. ಬಿರಡೆಯ ಮೇಲೆ ನೀವು ಅಂಟಿಸಿದ ಕಾಗದದ ಪಟ್ಟಿ ಹಾಗೇ ಇತ್ತು. ಅದನ್ನು ಬ್ಲೇಡಿನಿಂದ ಕತ್ತರಿಸಿ ಕೋಟಿನ ಜೇಬಿಗೆ ಹಾಕಿಕೊಂಡು ಹೊರಗೆ ಬಂದು ಲೋಳೆಯ ಮೇಲೆ ಸುರಿದೆ. ಲೋಳೆ ಬೆಳ್ಳಗಾಗಲಿಲ್ಲ. ಇನ್ನಷ್ಟು ಸುರಿದೆ. ಮಗುವಿನ ಜೊಲ್ಲಿನಂತೆ ತೇಲಿತು, ಅಷ್ಟೆ. ಮೂಸಿ ನೋಡಿದೆ, ವಾಸನೆಯಿಲ್ಲ. ಇನ್ನೊಂದು ಬಟ್ಟಲಿಗೆ ನಾಲ್ಕು ತೊಟ್ಟು ಹಾಕಿ ಕಡ್ಡಿ ಗೀರಿದೆ. ಕಡ್ಡಿಯೇ ಚುಯ್ ಎಂದು ಆರಿತು. ಅಪ್ಪಾ, ಎರಡೂವರೆ ಲೀಟರೂ ನೀರು.

“ಹಾಸ್ಟೆಲ್ ಹುಡುಗ್ರದೇ ಕೆಲ್ಸ, ಇನ್ಯಾರ್ದು?” ಎಂದು ಆಟದ ಮೇಷ್ಟ್ರು ಮೇಜು ಗುದ್ದಿದರು. ಸಂಜೆ ಪ್ರಯೋಗ ಮುಗಿಸಿ ತಡವಾಗಿ ಹೋಗುವ ಕೊನೆಯ ವರ್ಷದ ಇಬ್ಬರ ಮೇಲೆ ಅನುಮಾನ ಹೋಯಿತು. ನಾಳೆ ಅವರ ತಂದೆತಾಯಿಯನ್ನು ಕರೆಸಿದ್ದಾರೆ. ಸೀಲು ಒಂದು ನಿಮಿಷದ ಹಿಂದೆ ನಾನೇ ಒಡೆದದ್ದು. ಆದರೂ ಪಟ್ಟಿಯನ್ನು ಜೇಬಿನಲ್ಲೇ ಬಿಟ್ಟು ಬಟ್ಟಲು ತೊಳೆಯತೊಡಗಿದೆ. ಎಲ್ಲರೂ ಹೋದ ಮೇಲೆ ಜೇಬಿನ ಪಟ್ಟಿ ತೆಗೆದು ಬಿಡಿಸಿದೆ. ನಿಮ್ಮ ದುಂಡಗಿನ ಅಕ್ಷರ, ನಿಮ್ಮ ಸಹಿ, ನೀವು ನಿವೃತ್ತರಾಗುವ ಎರಡು ತಿಂಗಳ ಹಿಂದಿನ ತಾರೀಖು. ಬೀರುವಿನ ಕೀಲಿ ನಿಮ್ಮ ಸೊಂಟ ಬಿಟ್ಟು ನನ್ನ ಸೊಂಟಕ್ಕೆ ಬಂತೇ ಹೊರತು ಇನ್ನೊಬ್ಬರ ಕೈಗೆ ಹೋದದ್ದಿಲ್ಲ. ಕೂತು ಹತ್ತು ಸಲ ಲೆಕ್ಕ ಹಾಕಿದೆ. ಬೇರೆ ಉತ್ತರ ಬರಲಿಲ್ಲ.

ನಾಳೆ ಹತ್ತು ಗಂಟೆಗೆ ಆ ಪಟ್ಟಿಯನ್ನು ಪ್ರಿನ್ಸಿಪಾಲರ ಮೇಜಿನ ಮೇಲೆ ಇಡುತ್ತೇನೆ. ತಪ್ಪು ಮಾಡದ ಇಬ್ಬರು ಹುಡುಗರ ತಲೆಗೆ ಇದನ್ನು ಕಟ್ಟಲು ನನ್ನಿಂದಾಗದು. ಹಾಗೆ ಬೆಳೆಸಿದವರೂ ನೀವೇ. ಸಿಟ್ಟು ಬಂದರೆ ಬೈಯಿರಿ, ಮಾತು ಮಾತ್ರ ಬಿಡಬೇಡಿ. ಕರೆಪತ್ರ ಶನಿವಾರ ಅಚ್ಚಿಗೆ ಹೋಗುತ್ತದೆ. ಉದ್ಘಾಟಕರ ಜಾಗ ಖಾಲಿ ಬಿಡಲು ಹೇಳಿದ್ದೇನೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಊಟ ಹೊತ್ತಿಗೆ ಸರಿಯಾಗಿ ಮಾಡಿ, ಮೆಟ್ಟಿಲ ಬಳಿ ಅಕ್ಕನ ಕೈ ಹಿಡಿದೇ ನಡೆಯಿರಿ.

ನಿಮ್ಮ
ಬಾಲಂಗೋಚಿ

ತಾ.ಕ.: ಅಕ್ಕಾ, ನಿಲ್ಲಿಸಬೇಡ, ಇದನ್ನೂ ಜೋರಾಗಿಯೇ ಓದು. ಲಕೋಟೆ ಅಂಟಿಸುವ ಮುಂಚೆ ಬೀರುವಿನ ಉಳಿದ ಬಾಟಲಿಗಳನ್ನೂ ನೋಡಿ ಬಂದೆ. ಮೇಲಿನ ಹಲಗೆಯಲ್ಲಿ ಕೆಂಪು ಶಾಯಿಯಲ್ಲಿ ‘ವಿಷ’ ಎಂದು ಅಪ್ಪನೇ ಬರೆದ ಮೀಥೈಲ್ ಸ್ಪಿರಿಟ್ ಇದೆ. ಅದು ನೀರಾಗಿಲ್ಲ, ಆದರೆ ಅವರು ಪೆನ್ಸಿಲಿನಲ್ಲಿ ಎಳೆದ ಗೆರೆಗಿಂತ ಅರ್ಧ ಬೆರಳು ಕೆಳಗಿದೆ. ಅಪ್ಪಾ, ನಾನು ಎಂಟು ವರ್ಷದವಳಿದ್ದಾಗ ಆ ಬಾಟಲಿಗೆ ಕೈ ಚಾಚಿದ್ದಕ್ಕೆ ಹೊಡೆದಿದ್ದಿರಿ, “ಇದು ಕಣ್ಣು ತೆಗ್ಯುತ್ತೆ ಕಣೇ” ಎಂದು. ಬೀಳ್ಕೊಡುಗೆಯ ದಿನ ಮಾನಪತ್ರ ಓದಲಾಗದೆ ನನ್ನ ಕೈಗೆ ಕೊಟ್ಟಿರಿ. ಕಣ್ಣೀರು ಎಂದುಕೊಂಡಿದ್ದೆವು. ಡಾಕ್ಟರು ಮತ್ತೆ ಬರಹೇಳಿದ ಇಪ್ಪತ್ತೊಂದನೇ ತಾರೀಖಿನವರೆಗೆ ಕಾಯಬೇಡಿ, ಈ ಕಾಗದ ಓದಿದ ದಿನವೇ ಅವರ ಬಳಿ ಹೋಗಿ. ಆ ಪ್ರಶ್ನೆಯನ್ನು ಅವರು ಮತ್ತೆ ಕೇಳುತ್ತಾರೆ. ಈ ಸಲ ಎದ್ದು ನಿಲ್ಲಬೇಡಿ ಅಪ್ಪಾ. ಹೌದು ಅನ್ನಿ. ಯಾವುದನ್ನು ಕುಡಿದಿರಿ ಅಂತಲೂ ಹೇಳಿ.